ಶಾಲಿನಿ ಹೆಸರಿನ ಕರಾರು

ದಿಲ್ಲಿಗೆ ಬಂದು ವರ್ಷವಾಗುತ್ತಾ ಬಂದಾಗ, ಒಂದು ಭಾನುವಾರ ಬೆಳಿಗ್ಗೆ, ಈ ಊರಿನಲ್ಲಿ ನನ್ನ ಹೆಸರು ಶಾಲಿನಿ ಎಂದು ನನಗೆ ಗೊತ್ತಾಯಿತು. ಮಯೂರ್ ವಿಹಾರದ ನಮ್ಮ ಮನೆಯ ಒಡತಿ ಮೊದಲ ಸಲ ಬಂದಿದ್ದರು. ಬಾಗಿಲು ತೆರೆದ ನನ್ನ ತಲೆ ನೇವರಿಸಿ, "ಶಾಲಿನಿ ಬೇಟಿ ನೀನೇ ಅಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದರು.

ನಾನು ಶಾಹೀನ್. ಚಿತ್ರದುರ್ಗದವಳು.

ಈ ಮನೆ ಕೊಡಿಸಿದ್ದು ವೀಣಕ್ಕ. ನೋಯ್ಡಾದ ನಮ್ಮ ಆಫೀಸಿನಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಏಳು ಮನೆಗಳಲ್ಲಿ ನನ್ನ ಹೆಸರು ಕೇಳಿದ ಮೇಲೆ "ಅಯ್ಯೋ, ನಿನ್ನೆಯೇ ಬಾಡಿಗೆಗೆ ಹೋಯಿತು" ಎಂದದ್ದು ಅವಳಿಗೆ ಗೊತ್ತಿತ್ತು. ಪುಣೆಗೆ ವರ್ಗವಾದಾಗ, ತನ್ನ ಮನೆಯನ್ನೇ ತಗೋ, ಒಡತಿಗೆ ಹೇಳಿ ಕರಾರನ್ನು ನಿನ್ನ ಹೆಸರಿಗೆ ಮಾಡಿಸುತ್ತೇನೆ ಎಂದಳು. ನಾನು ಅವಳ ಕೈ ಹಿಡಿದು ಅತ್ತಿದ್ದೆ.

ದುರ್ಗದಲ್ಲಿ ನಾವು ಮನೆ ಬದಲಿಸಿದಾಗ ಅಬ್ಬಾ ಮತ್ತು ಮನೆ ಮಾಲೀಕರು ಜಗಲಿಯ ಮೇಲೆ ಕೂತು ಚಹಾ ಕುಡಿದರು, ಅಷ್ಟೇ. ಇಲ್ಲಿ ಹನ್ನೊಂದು ತಿಂಗಳ ಕರಾರು ಬೇಕು, ಪೊಲೀಸ್ ಠಾಣೆಯಲ್ಲಿ ಕಿರಾಯೇದಾರನ, ಅಂದರೆ ಬಾಡಿಗೆದಾರನ, ವಿವರ ದಾಖಲಾಗಬೇಕು. ನನ್ನ ಕಾಗದ ಎಲ್ಲಿ ಎಂದು ಕೇಳಿದಾಗಲೆಲ್ಲ ವೀಣಕ್ಕ, "ಆಗುತ್ತೆ ಕಣೇ, ಅವರು ಊರಿನ ಆ ತುದೀಲಿ, ಪೀತಮ್‌ಪುರಾದಲ್ಲಿ, ಮಗನ ಮನೇಲಿರ್ತಾರೆ" ಎನ್ನುತ್ತಿದ್ದಳು. ನಮ್ಮವಳಲ್ಲವೇ ಎಂದು ಸುಮ್ಮನಾಗುತ್ತಿದ್ದೆ.

ಈಗ ವೀಣಕ್ಕನ ಕರಾರಿನ ಅವಧಿ ಮುಗಿಯಿತೆಂದು ಒಡತಿಯೇ ಹೊಸ ಕರಾರು ತಂದಿದ್ದರು. ವೀಣಾಳ ಚಿಕ್ಕಪ್ಪನ ಮಗಳು ಶಾಲಿನಿ ಎಂದು ಅದರಲ್ಲಿ ಅಚ್ಚಾಗಿತ್ತು. ಠಾಣೆಗೆ ಕೊಡಲು ನನ್ನ ಆಧಾರ್ ಕೇಳಿದರು. ಒಳಗೆ ಹೋಗಿ ತಂದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸುಳ್ಳಿನ ಮೇಲೆ ತಾನು ಸಹಿ ಹಾಕುವುದಿಲ್ಲ, ಮಗನನ್ನು ಕೇಳುತ್ತೇನೆ ಎಂದು ಹೇಳಿ, ನಾನು ಕೊಟ್ಟ ನೀರನ್ನೂ ಕುಡಿಯದೆ ಹೋದರು.

ವೀಣಕ್ಕನಿಗೆ ಫೋನು ಮಾಡಿದೆ.

"ನಿನ್ನ ಒಳ್ಳೇದಕ್ಕೇ ಮಾಡಿದ್ದು. ನಿಜವಾದ ಹೆಸರು ಹೇಳಿದ್ರೆ ಮನೆ ಸಿಕ್ತಿತ್ತಾ?"

"ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲಕ್ಕಾ."

"ಕೇಳಿದ್ರೆ ನೀನು ಒಪ್ತಿರಲಿಲ್ಲ. ನಾನು ಹೊರಡಲೇಬೇಕಿತ್ತು."

ಕರಾರಿನ ಅವಧಿ ಮುಗಿಯುವ ಮೊದಲು, ಬದಲಿಗೆ ಯಾರೂ ಬರದೆ, ಅವಳು ಮನೆ ಬಿಡುವಂತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೇಗ ಒಪ್ಪಿಗೆಯಾಗುವ ಒಂದು ಹೆಸರು. ಏಳು ಮನೆಯವರು ನನ್ನನ್ನು ಬೇಡವೆಂದಿದ್ದರು, ನಿಜ. ಆದರೆ ಅವರು ನನ್ನನ್ನು ನಾನೆಂದು ತಿಳಿದೇ ಬೇಡವೆಂದಿದ್ದರು.

ವಾರದ ನಂತರ ಒಡತಿ ಮತ್ತೆ ಬಂದರು. ಅಕ್ಕಪಕ್ಕದವರನ್ನು ವಿಚಾರಿಸಿದ್ದರಂತೆ, ಯಾರೂ ದೂರು ಹೇಳಲಿಲ್ಲವಂತೆ. ಹೊಸ ಕಾಗದದಲ್ಲಿ ಶಾಹೀನ್ ಎಂದಿತ್ತು. ಸಹಿ ಮಾಡುವ ಮುನ್ನ, ವೀಣಕ್ಕ ಅಂದೇ ಈ ಹೆಸರು ಹೇಳಿದ್ದರೆ ಮನೆ ಕೊಡುತ್ತಿದ್ದಿರಾ ಎಂದು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ಕಾಗದದ ಮೇಲಿಟ್ಟರು.

"ಗೊತ್ತಿಲ್ಲ ಬೇಟಿ."

ಆ ಉತ್ತರ ಇವತ್ತಿಗೂ ನನ್ನನ್ನು ಕಾಡುತ್ತದೆ. ವೀಣಕ್ಕನ ಲೆಕ್ಕವೇ ಸರಿಯಿದ್ದಿರಬಹುದು. ಆದರೂ ಅವಳ ಕರೆಗಳನ್ನು ನಾನು ಎತ್ತುವುದಿಲ್ಲ. ಅಮ್ಮೀ ಫೋನಿನಲ್ಲಿ, ಅಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದಾರಾ ಎಂದು ಕೇಳಿದರೆ ಮಾತು ತೇಲಿಸುತ್ತೇನೆ.

ಮೊನ್ನೆ ಮೆಟ್ರೋದಲ್ಲಿ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡುತ್ತಿದ್ದರು, ಯಾರದೋ ಸೀಮಂತದ ಸುದ್ದಿ. ನಾನೂ ಕನ್ನಡದವಳೇ ಎಂದು ಹೇಳಲಿಲ್ಲ. ಹೇಳಿದರೆ ಹೆಸರು ಕೇಳುತ್ತಾರೆ. ಕಿಟಕಿಯ ಕಡೆ ಮುಖ ಮಾಡಿ ನಿಂತೆ. ನನ್ನ ನಿಲ್ದಾಣ ಬಂತು, ಬಾಗಿಲು ತೆರೆದು ಮುಚ್ಚಿತು. ನಾನು ಕೇಳುತ್ತಲೇ ಇದ್ದೆ.