ಬಾವಿಯೂ ಸೆಂಟರ್ ಆಟಗಾರನೂ

ಅಜ್ಜಂಪುರದ ಹತ್ತಿ ಮಿಲ್ಲಿನ ಅಣ್ಣತಮ್ಮಂದಿರು ಹಿಸ್ಸೆಯಾದಾಗ ಯಾರ ಪಾಲಿಗೂ ಹೋಗದೆ ಉಳಿದದ್ದು ಎರಡೇ. ಒಂದು ಅಂಗಳದ ಬಾವಿ, ಇನ್ನೊಂದು ನಾನು. ಈಗ ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ಆಗ ನಾನೂ ನಕ್ಕಿದ್ದೆ. ನಕ್ಕಿದ್ದಷ್ಟೇ ಅಲ್ಲ, ಒಂದಷ್ಟು ದಿನ ಎದೆ ಉಬ್ಬಿಸಿಕೊಂಡು ಪೇಟೆಯಲ್ಲಿ ತಿರುಗಿದ್ದೆ.

ಆ ಮಿಲ್ಲಿಗೆ ಒಂದು ಬಾಲ್ ಬ್ಯಾಡ್ಮಿಂಟನ್ ತಂಡವಿತ್ತು. ಆ ಕಾಲಕ್ಕೆ ನಮ್ಮ ಕಡೆ ಊರು ನೆರೆದು ನೋಡುತ್ತಿದ್ದ ಆಟವೆಂದರೆ ಅದೇ. ಹಳದಿ ಉಣ್ಣೆಯ ಚೆಂಡು, ಉದ್ದ ಹಿಡಿಯ ಬ್ಯಾಟು, ಬಲೆಯ ಈಚೆ ಐದು ಜನ, ಆಚೆ ಐದು ಜನ. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ನಿಲ್ಲುವವನು ಸೆಂಟರ್. ಮುಂದಿನವರು ಬಿಟ್ಟದ್ದನ್ನೂ ಹಿಂದಿನವರಿಗೆ ಎಟುಕದ್ದನ್ನೂ ಅವನೇ ಎತ್ತಬೇಕು. ನಾನು ಸೆಂಟರ್.

ಕಡೂರಿನಲ್ಲಿ ಹೈಸ್ಕೂಲು ಓದುವಾಗ ಕಲಿತ ಆಟ ಅದು. ಪಂಚನಹಳ್ಳಿಯಲ್ಲಿ ನಮಗಿದ್ದ ಹೊಲ ಕೊಡದ ಅನ್ನವನ್ನು ಆಟ ಕೊಟ್ಟಿತು. ಮಿಲ್ಲಿನ ದೊಡ್ಡ ಯಜಮಾನರು ಒಂದು ಸಂಜೆ ಕಡೂರಿನ ಮೈದಾನದಲ್ಲಿ ನನ್ನನ್ನು ನೋಡಿ, ಬೆವರು ಒರೆಸಿಕೊಳ್ಳಲೂ ಬಿಡದೆ, "ನಮ್ಮಲ್ಲಿಗ್ ಬಂದ್ಬಿಡು. ಹಗಲು ಹತ್ತಿ ತೂಗು, ಸಾಯಂಕಾಲ ಆಡು" ಅಂದರು. ಉಳಿದ ನಾಲ್ವರನ್ನೂ ಅವರು ಹೀಗೇ ಹುಡುಕಿ ತಂದದ್ದು. ಹೆಸರಿಗೆ ಮಿಲ್ಲಿನ ಕೆಲಸ. ಆಡುವುದಕ್ಕೇ ಸಾಕಿದ್ದಾರೆ ಅನ್ನುವುದು ಹಮಾಲರಿಗೂ ಗೊತ್ತಿತ್ತು.

ಬಾವಿಯ ಪಕ್ಕದ ಕೋಣೆಯಲ್ಲಿ ನಾನು ಮತ್ತು ಮುಂದಿನ ಸಾಲಿನಲ್ಲಿ ಆಡುತ್ತಿದ್ದ ತರೀಕೆರೆಯ ಗೆಳೆಯ ಇರುತ್ತಿದ್ದೆವು. ಯಾವ ಚೆಂಡನ್ನು ಅವನು ನನಗೆ ಬಿಡುತ್ತಾನೆ ಅನ್ನುವುದು ಅವನ ಭುಜ ನೋಡಿದರೇ ನನಗೆ ತಿಳಿಯುತ್ತಿತ್ತು. ಮನೆಯಲ್ಲಿ ಒಡಹುಟ್ಟಿದವರ ಜೊತೆಗೂ ನನಗೆ ಅಷ್ಟು ಹೊಂದಿಕೆ ಇರಲಿಲ್ಲ.

ಜಗಳ ಹುಟ್ಟಿದ್ದು ಗೆದ್ದದ್ದರಿಂದ. ಕಡೂರಿನ ಟೂರ್ನಮೆಂಟಿನಲ್ಲಿ ನಾವು ಗೆದ್ದ ದಿನ ದೊಡ್ಡ ಯಜಮಾನರು ಹತ್ತಿ ಬಂದಿದೆಯೆಂದು ಮಿಲ್ಲಿನಲ್ಲೇ ಉಳಿದಿದ್ದರು. ಕಪ್ಪು ಕೊಡಲು ಬಂದ ಅಮಲ್ದಾರರು "ತಂಡದ ಯಜಮಾನರು ಬರಬೇಕು" ಎಂದಾಗ ಚಿಕ್ಕ ಯಜಮಾನರು ಹೋಗಿ ನಿಂತರು. ಹಾರ ಹಾಕಿಸಿಕೊಂಡರು, ಫೋಟೋನೂ ತೆಗೆಸಿಕೊಂಡರು. ರೈಲಿಳಿದು ಬರುವಷ್ಟರಲ್ಲಿ ಸುದ್ದಿ ಮಿಲ್ಲು ಮುಟ್ಟಿತ್ತು.

"ಟೀಮು ಕಟ್ದೋನು ನಾನು. ನೀನ್ಯಾವಾಗ ಯಜಮಾನ ಆದೆ?" ಅಂದರು ದೊಡ್ಡವರು.

"ಊರೂರಿಗೆ ಕರ್ಕಂಡೋಗಿ ಆಡಿಸ್ದೋನು ನಾನು. ನೀನು ತಕ್ಕಡಿ ಬಿಟ್ಟು ಎದ್ದಿದ್ದುಂಟಾ?" ಅಂದರು ಚಿಕ್ಕವರು.

ಅಲ್ಲಿಯವರೆಗೆ ಒಂದೇ ತಟ್ಟೆಯಲ್ಲಿ ಉಂಡಂತಿದ್ದವರು. ಒಳಗೆ ಬೇರೆ ಏನೇನು ಕುದಿಯುತ್ತಿತ್ತೋ ನನಗೆ ಗೊತ್ತಿಲ್ಲ. ಹೊರಗೆ ಮಾತ್ರ ತಂಡ ಯಾರದು ಅನ್ನುವುದೊಂದೇ ಮಾತು. ಅದು ಬೆಳೆದು ಬೆಳೆದು ಮಿಲ್ಲೇ ಎರಡು ಹೋಳಾಗುವ ಹಂತಕ್ಕೆ ಬಂತು.

ಹಿಸ್ಸೆ ಮಾಡಿಸಲು ತರೀಕೆರೆಯಿಂದ ಅವರ ಸೋದರಮಾವ ಬಂದರು. ಅಣ್ಣ ಎರಡು ಪಾಲು ಹಾಕಬೇಕು, ತಮ್ಮ ಮೊದಲು ಆರಿಸಿಕೊಳ್ಳಬೇಕು, ಇದು ನಮ್ಮ ಕಡೆಯ ಪದ್ಧತಿ. ಹೊಲಕ್ಕೂ ದನಕ್ಕೂ ಪಾತ್ರೆಗೂ ಸರಿಹೋಗುವ ಈ ಪದ್ಧತಿಯನ್ನು ನಮಗೂ ಹಚ್ಚಿದರು. ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿದರು. ಮುಂದಿನ ಒಬ್ಬ, ಹಿಂದಿನ ಒಬ್ಬ ಒಂದು ಪಾಲು. ಉಳಿದ ಮುಂದಿನವನು, ಉಳಿದ ಹಿಂದಿನವನು ಇನ್ನೊಂದು ಪಾಲು. ಬಲೆ ಒಬ್ಬರಿಗೆ, ಕಂಬ ಒಬ್ಬರಿಗೆ. ಬ್ಯಾಟುಗಳನ್ನೂ ಎಣಿಸಿ ಹಂಚಿದರು. ನನ್ನ ಗೆಳೆಯ ಇದ್ದ ಪಾಲನ್ನು ಚಿಕ್ಕವರು ಎತ್ತಿಕೊಂಡರು.

ಉಳಿದವನು ನಾನು. ದೊಡ್ಡವರು "ಇವನನ್ನ ಕೊಡಕ್ಕಾಗಲ್ಲ" ಅಂದರು. ಚಿಕ್ಕವರು "ಇವನಿಲ್ದೆ ನಂಗೆ ಪಾಲೇ ಬ್ಯಾಡ" ಅಂದರು. ಮಾವನವರಿಗೆ ಊಟದ ಹೊತ್ತಾಗಿತ್ತು. ಬಾವಿಯ ಕಡೆ ಕೈ ತೋರಿಸಿ, "ಅದನ್ನ ಹೆಂಗೆ ಜಂಟಿ ಬಿಟ್ಟಿದೀವೋ ಇವನ್ನೂ ಹಂಗೇ ಬಿಡ್ರಪ್ಪಾ. ಇಬ್ರೂ ಸರದಿ ಮೇಲೆ ಬಳಸ್ಕಳ್ಳಿ" ಎಂದು ಎದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಒಪ್ಪುತ್ತಿದ್ದೆ. ಇಬ್ಬರಿಗೂ ಬೇಕಾದವನು ನಾನೊಬ್ಬನೇ ಅಲ್ಲವೇ?

ಗೆಳೆಯ ಹಾಸಿಗೆ ಸುತ್ತಿಕೊಂಡು ಆಚೆಯ ಪಾಲಿಗೆ ಹೋಗುವಾಗ, "ನಿಂದು ಕೆಟ್ಟು ಹೋಯ್ತು ಕಣೋ" ಅಂದ. ಹೊಟ್ಟೆಕಿಚ್ಚು ಅಂದುಕೊಂಡೆ.

ಅಂಗಳದ ನಡುವೆ ಗೋಡೆ ಎದ್ದಿತು. ನಾವು ಆಡುತ್ತಿದ್ದ ಜಾಗದ ಮೇಲೆಯೇ ಹಾದು, ಬಾವಿಯ ಕಟ್ಟೆಗೆ ಬಂದು ನಿಂತು, ಆ ಬದಿಯಿಂದ ಮತ್ತೆ ಮುಂದುವರಿಯಿತು. ಈಚೆಯಿಂದ ಒಂದು ರಾಟೆ, ಆಚೆಯಿಂದ ಒಂದು ರಾಟೆ. ನಾನು ಒಂದು ವಾರ ಅಣ್ಣನ ತಕ್ಕಡಿ ಹಿಡಿಯುತ್ತಿದ್ದೆ, ಇನ್ನೊಂದು ವಾರ ತಮ್ಮನ ಹತ್ತಿ ಬೇಲು ಎಣಿಸುತ್ತಿದ್ದೆ. ಇಬ್ಬರೂ ಹೊಸ ಆಟಗಾರರನ್ನು ತಂದು ಬೇರೆ ಬೇರೆ ಕಡೆ ಅಂಕಣ ಮಾಡಿಸಿದರು.

ಜಂಟಿ ಬಾವಿಯ ಹೂಳು ಯಾರೂ ತೆಗೆಯುವುದಿಲ್ಲ. ಅವನು ತೆಗೆಸಲಿ ಎಂದು ಇವನು, ಇವನು ತೆಗೆಸಲಿ ಎಂದು ಅವನು. ನನ್ನ ಗತಿಯೂ ಅದೇ ಆಯಿತು. ಬ್ಯಾಟಿನ ತಂತಿ ಹರಿದಾಗ ದೊಡ್ಡವರು "ಆಚೆ ಕೇಳು" ಅಂದರು, ಚಿಕ್ಕವರು "ಈಚೆ ಕೇಳು" ಅಂದರು. ಕೋಣೆಯ ಹೆಂಚು ಒಡೆದಾಗಲೂ ಅಷ್ಟೇ. ಜ್ವರ ಬಂದು ಮಲಗಿದಾಗ, ಆಚೆಯವರು ಗಂಜಿ ಕಳಿಸಿರುತ್ತಾರೆಂದು ಈಚೆಯವರು ಸುಮ್ಮನಿದ್ದರು. ಆಚೆಯವರೂ ಹಾಗೇ ಅಂದುಕೊಂಡಿದ್ದರು. ಗೋಡೆಯ ಆಚೆಯ ಗೆಳೆಯ ರಾಟೆಯ ಸದ್ದು ಮಾಡಿ, ಬಾವಿಯ ಮೇಲಿಂದ ರೊಟ್ಟಿ ದಾಟಿಸಿದ. ತಿನ್ನುತ್ತಾ ಅತ್ತೆ. ಅವನಿಗೆ ಕೇಳಿಸಿರಬೇಕು, ಬಹಳ ಹೊತ್ತು ಅಲ್ಲೇ ನಿಂತಿದ್ದ.

ಅದೇ ವರ್ಷ ತರೀಕೆರೆಯ ಟೂರ್ನಮೆಂಟಿಗೆ ಎರಡೂ ತಂಡ ಹೋದವು. ಚೀಟಿ ಎತ್ತಿದಾಗ ಮೊದಲ ಆಟವೇ ಅಣ್ಣನ ತಂಡಕ್ಕೂ ತಮ್ಮನ ತಂಡಕ್ಕೂ ಬಿತ್ತು. ಅಲ್ಲಿಯವರೆಗೂ ಯಾರಿಗೂ ಈ ಯೋಚನೆ ಬಂದಿರಲಿಲ್ಲ ಅಂದರೆ ನಂಬಬೇಕು. ನಾನೇ ದೊಡ್ಡವರ ಹತ್ತಿರ ಹೋಗಿ ಕೇಳಿದೆ.

"ಯಜಮಾನ್ರೇ, ನಾನು ಯಾರ ಕಡೆ ಆಡ್ಲಿ?"

ಅವರು ನನ್ನ ಮುಖ ನೋಡಲಿಲ್ಲ. "ಬಾವಿ ಹಿಂಗೆ ಕೇಳ್ತದೇನೋ? ಅತ್ಲಾಗೆ ಕುತ್ಕ ಹೋಗು" ಅಂದರು.

ನಾನು ಆಡದೆ ಕೂರುವುದಕ್ಕೆ ಚಿಕ್ಕವರೂ ಬೇಡವೆನ್ನಲಿಲ್ಲ. ಅಣ್ಣನಿಗೆ ಸಿಗದಿದ್ದರೆ ಸಾಕಾಗಿತ್ತು ಅವರಿಗೆ. ನಾನು ಬೆಂಚಿನ ಮೇಲೆ ಕೂತೆ. ಎರಡೂ ಕಡೆಯ ಸೆಂಟರ್‌ಗಳು ಎಳಸು. ಚೆಂಡು ಬಂದು ಬಂದು ನನ್ನ ಜಾಗದಲ್ಲೇ ಬೀಳುತ್ತಿತ್ತು. ಒಂದು ಸಲ ಗೆಳೆಯನ ಭುಜ ತಗ್ಗಿತು. ಚೆಂಡನ್ನು ಹಿಂದಕ್ಕೆ ಬಿಟ್ಟ. ಕೂತಲ್ಲೇ ನನ್ನ ಕೈ ಎದ್ದಿತ್ತು. ಚೆಂಡು ನೆಲಕ್ಕೆ ಬಿತ್ತು. ಅವನು ತಿರುಗಿ ಮೊದಲು ನೋಡಿದ್ದು ಬೆಂಚಿನ ಕಡೆ. ಯಾರು ಗೆದ್ದರೆಂದು ನನಗೆ ನಿಜವಾಗಿ ನೆನಪಿಲ್ಲ. ಗೆದ್ದವರು ಮುಂದಿನ ಆಟದಲ್ಲೇ ಸೋತು ಮನೆಗೆ ಬಂದರು.

ಆ ಬೇಸಿಗೆಯಲ್ಲಿ ಚಿಕ್ಕವರು ತಮ್ಮ ಪಾಲಿನಲ್ಲಿ ಒಂದು ಬಾವಿ ತೋಡಿಸಿದರು. ಅದನ್ನು ನೋಡಿ ದೊಡ್ಡವರೂ ತೋಡಿಸಿದರು. ಜಂಟಿ ಬಾವಿಯ ರಾಟೆಗಳನ್ನು ಬಿಚ್ಚಿ, ದನ ಬೀಳದಿರಲೆಂದು ಕಲ್ಲುಚಪ್ಪಡಿ ಎಳೆದರು. ಚಪ್ಪಡಿ ಎಳೆಯುವುದಕ್ಕೆ ನಾನೂ ಕೈ ಹಾಕಿದೆ. ಅದು ಕೂತ ಮೇಲೆ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕೆಲಸಕ್ಕೆ ಆಳು ಬೇಕಾಗಿದ್ದಾರೆಂದು ಕೇಳಿದ್ದೆ. ಬಟ್ಟೆ ಗಂಟು ಕಟ್ಟಿ, ಹರಿದ ತಂತಿಯ ಬ್ಯಾಟನ್ನು ಅದಕ್ಕೆ ಸಿಕ್ಕಿಸಿಕೊಂಡು ಮೊದಲು ಚಿಕ್ಕವರ ಹತ್ತಿರ ಹೋದೆ. ಹೋಗಿಬತ್ತೀನಿ ಅಂದೆ. "ನಾನೊಬ್ನೇ ಹೆಂಗಪ್ಪಾ ಕಳಿಸ್ಲಿ? ಅಣ್ಣನ್ನ ಕೇಳು" ಅಂದರು. ಇರು ಅನ್ನುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಅವರು ಬೇರೆ ಯಾರನ್ನೋ ಕರೆದರು.

ದೊಡ್ಡವರು ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದರು. ಕಡೂರಿನ ಮೈದಾನದಿಂದ ನನ್ನನ್ನು ಕರೆತಂದವರು. ಅವರಿಗೂ ಹೇಳಿದೆ. "ಅವನು ಏನಂದ?" ಎಂದು ಕೇಳಿದರು. ನಿಮ್ಮನ್ನು ಕೇಳು ಅಂದರು ಎಂದೆ. ಅವರು ತಲೆಯಾಡಿಸಿ ಎಲೆ ಬಾಯಿಗಿಟ್ಟುಕೊಂಡರು. ನಾನು ಮೆಟ್ಟಿಲಿಳಿದು ಗೇಟಿನ ತನಕ ಹೋಗಿದ್ದೆ.

"ಲೇ, ನಿಲ್ಲು" ಎಂದು ಕೂಗಿದರು.

ಎಷ್ಟು ಬೇಗ ತಿರುಗಿದೆನೆಂದರೆ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

"ಬ್ಯಾಟು ಇಟ್ಟು ಹೋಗು. ಅದು ನನ್ ಪಾಲಿಗೆ ಬಂದಿದ್ದು."