ಕಾಲರಿನೊಳಗಿನ ಕೆಂಪು ನೂಲು

ನಾನು ಮೊಸರಲ್ಲಿ ಕಲ್ಲು ಹುಡುಕುವವನು. ಮದುವೆಯಾದ ವಾರದಲ್ಲೇ ನನ್ನ ಹೆಂಡತಿ ಇದನ್ನು ಕಂಡುಹಿಡಿದು ತನ್ನ ತವರಿಗೆಲ್ಲ ಸಾರಿದ್ದಳು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಮ್ಮಪ್ಪ ಇಟ್ಟಿದ್ದ ಟೈಲರ್ ಅಂಗಡಿಯಲ್ಲಿ ಕೂತು ಊರಿನವರ ಎದೆ, ಸೊಂಟ ಅಳೆದವನಿಗೆ ಬೇರೆ ಸ್ವಭಾವ ಎಲ್ಲಿಂದ ಬರಬೇಕು? ಅಳತೆ ಕೊಡುವಾಗ ಹೊಟ್ಟೆಯನ್ನು ಒಳಗೆ ಎಳೆದುಕೊಂಡು, ಆಮೇಲೆ ಅಂಗಿ ಬಿಗಿಯಾಯಿತೆಂದು ಜಗಳಕ್ಕೆ ಬರುವವರನ್ನು ದಿನಾ ನೋಡುತ್ತಿದ್ದೆ. ಮನುಷ್ಯ ಟೇಪಿಗೂ ಸುಳ್ಳು ಹೇಳುತ್ತಾನೆ. ಹಾಗಾಗಿ ಯಾರ ಮಾತನ್ನೂ ನಾನು ಒಂದೇ ಸಲಕ್ಕೆ ನಂಬಿದವನಲ್ಲ.

ಅಪ್ಪ ನನಗೆ ಕಲಿಸಿದ ಒಂದು ಪದ್ಧತಿಯಿತ್ತು. ನಾವು ಹೊಲಿದ ಬಟ್ಟೆಗೆಲ್ಲ ಕಾಲರಿನ ಒಳಮಗ್ಗುಲಲ್ಲಿ, ಕತ್ತಿನ ಹಿಂಭಾಗಕ್ಕೆ ಸರಿಯಾಗಿ, ಕೆಂಪು ನೂಲಿನಲ್ಲಿ ಮೂರು ಹೊಲಿಗೆ ಹಾಕುತ್ತಿದ್ದೆವು. ಅದು ನಮ್ಮ ಅಂಗಡಿಯ ಗುರುತು. ಆದರೆ ಬೇರೆಯವರು ಹೊಲಿದದ್ದನ್ನು ರಿಪೇರಿ ಮಾಡಿದಾಗ ಗುರುತು ಹಾಕುವ ಹಾಗಿರಲಿಲ್ಲ. "ಕಂಡೋರ ಮಕ್ಕಳಿಗೆ ನಮ್ಮ ಹೆಸರಿಡಬಾರದು ಕಣ್ಲಾ" ಎನ್ನುತ್ತಿದ್ದರು ಅಪ್ಪ. ನನ್ನ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಕಾಲರ್ ಮುಗಿಯುತ್ತಿದ್ದಂತೆ ಬೆರಳು ತಾನಾಗಿಯೇ ಕೆಂಪು ನೂಲಿನ ಉಂಡೆ ಹುಡುಕುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಗಡಿಯ ಹಿಮದ ಗುಡ್ಡಗಳಲ್ಲಿ ಯುದ್ಧ ನಡೆದ ವರ್ಷ, ನಮ್ಮ ಪಕ್ಕದ ಹಳ್ಳಿಯ ಒಬ್ಬ ಹುಡುಗ ಅಲ್ಲಿ ತೀರಿಕೊಂಡ. ಅವನ ತಂದೆ ಗೊರೂರು ಡ್ಯಾಮಿನಲ್ಲಿ ಗೇಟು ನೋಡಿಕೊಳ್ಳುತ್ತಿದ್ದವರು, ಬಹಳ ಹಿಂದೆಯೇ ಹೋಗಿದ್ದರು. ತಾಯಿ ನಮ್ಮೂರಿನ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಅವನನ್ನು ಸಾಕಿದ್ದರು. ಸಾಯುವುದಕ್ಕೆ ಮುಂಚಿನ ರಜೆಯಲ್ಲಿ ಅವನು ತನ್ನ ಮಿಲಿಟರಿ ಅಂಗಿಯನ್ನು ನನ್ನ ಅಂಗಡಿಗೆ ತಂದಿದ್ದ. "ಗೋಣಿಚೀಲ ಆಯ್ತಣ್ಣ ಇದು. ಸೈಡ್ ಇಡ್ಕೊಡು" ಎಂದ. ಅಳತೆ ಪುಸ್ತಕದಲ್ಲಿ ಅವನ ಮೈಯಳತೆ ಬರೆದುಕೊಂಡು, ಎರಡೂ ಬದಿ ಬಿಚ್ಚಿ ಒಳಗೆ ಹಿಡಿದು ಕೊಟ್ಟೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಸೆಲ್ಯೂಟ್ ಹೊಡೆದ. ನಾನೂ ತಮಾಷೆಗೆ ಕತ್ತರಿ ಹಿಡಿದುಕೊಂಡೇ ಸೆಲ್ಯೂಟ್ ಹೊಡೆದೆ.

ಹೆಣ ಬಂದ ಎಷ್ಟೋ ದಿನಗಳ ಮೇಲೆ ಅವನ ಟ್ರಂಕು ಬಂತು. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಮಡಿವಾಳರಿಗೆ ಕೊಟ್ಟುಬಿಡಬೇಕು ಎಂಬುದು ನಮ್ಮ ಕಡೆಯ ಶಾಸ್ತ್ರ. ಹಿರಿಯರು ನಿಂತು ಎಲ್ಲವನ್ನೂ ಕೊಡಿಸಿದರು. ಆ ತಾಯಿ ಒಂದನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡರು. ನಾನು ಸೈಡ್ ಹಿಡಿದುಕೊಟ್ಟಿದ್ದ ಅಂಗಿ ಅದೇ. ಅವನು ತೊಟ್ಟು ಬಿಚ್ಚಿ, ಒಗೆಯದೆ ಮಡಿಚಿಟ್ಟಿದ್ದ. ಅದರಲ್ಲಿ ಅವನ ಮೈವಾಸನೆ ಇನ್ನೂ ಇತ್ತಂತೆ. ಹಿರಿಯರು ಬೈದಾಗ ಆಕೆ ಹೇಳಿದ್ದು ಒಂದೇ ಮಾತು: "ಇದೊಂದಿರ್ಲಿ ಬುಡ್ರಪ್ಪ. ಎಲ್ಲಾನೂವೆ ಒತ್ಕಂಡೋಗ್ಬ್ಯಾಡಿ."

ಅದಾಗಿ ಸ್ವಲ್ಪ ದಿನಕ್ಕೆ ಚುನಾವಣೆ ಬಂತು. ಯಾವ ಪಕ್ಷ, ಯಾವ ಅಭ್ಯರ್ಥಿ ಎಂದು ನಾನು ಬರೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ರಾಜಕೀಯದ ಸೊಲ್ಲೆತ್ತಿದರೆ ಅಣ್ಣತಮ್ಮಂದಿರೇ ಮಾತು ಬಿಡುತ್ತಾರೆ. ಅಭ್ಯರ್ಥಿಯೊಬ್ಬರು ಆ ತಾಯಿಯ ಮನೆಗೆ ಹೋದದ್ದು, ಅಂಗಿ ಕೇಳಿದ್ದು, ಆಕೆ ಕೊಟ್ಟದ್ದು, ಇಷ್ಟನ್ನೂ ಆಕೆಯೇ ಕುಪ್ಪಸ ಹೊಲಿಸಲು ಬಂದಾಗ ನನಗೆ ಹೇಳಿದರು.

"ನೆಲದ್ ಮ್ಯಾಲೇ ಕುಂತ್ಕಂಡ್ರು ಕಣಪ್ಪ. ಚಾಪೆ ಆಸ್ತೀನಿ ಅಂದ್ರೂ ಬ್ಯಾಡ ಅಂದ್ರು. ನಿನ್ ಮಗನ್ ಅಂಗೀನ ಇಡೀ ಜಿಲ್ಲೆ ಕಣ್ಗೊತ್ಕಬೇಕು ತಾಯಿ ಅಂದ್ರು."

ನೆಲದ ಮೇಲೆ ಕೂತ ರಾಜಕಾರಣಿಯ ಸುದ್ದಿ ಕೇಳಿದರೆ ನನಗೆ ಮೊದಲು ಬರುವ ಪ್ರಶ್ನೆ, ಫೋಟೋ ತೆಗೆದವರು ಯಾರು ಎಂಬುದು. ಮಾರನೆಯ ದಿನದ ಪೇಪರಿನಲ್ಲಿ ಫೋಟೋ ಬಂದೇ ಬಂದಿತ್ತು.

"ಕೊಟ್ಟಿದ್ದು ವಾಪಸ್ ಬತ್ತದಾ ಅವ್ವ?" ಎಂದೆ.

"ಓಟಾದ್ಮ್ಯಾಕೆ ತಂದ್ಕೊಡ್ತೀವಿ ಅಂದವ್ರೆ. ಒಗೀಬ್ಯಾಡಿ ಅಂತ ಏಳಿವ್ನಿ. ಎಲ್ಡು ಸಲ ಏಳಿವ್ನಿ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವತ್ತು ಆಕೆಗೆ ಉಪದೇಶ ಮಾಡಿ ಕಳಿಸಿದವನು ನಾನು. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ವಾರ ಕಳೆದಿರಬೇಕು. ಪ್ರಚಾರದ ಉಸ್ತುವಾರಿಯವನೊಬ್ಬ ಹಸಿರು ಬಟ್ಟೆಯ ಗಂಟು ತಂದು ನನ್ನ ಮೇಜಿನ ಮೇಲಿಟ್ಟ. ನಾಲ್ಕು ಮಿಲಿಟರಿ ಅಂಗಿ ಬೇಕು, ಈ ಕಡೆಯ ತಾಲ್ಲೂಕಿಗೊಂದರಂತೆ ಸರ್ಕಲ್ಲುಗಳಲ್ಲಿ ಯೋಧನ ಗೊಂಬೆ ನಿಲ್ಲಿಸುತ್ತೇವೆ ಎಂದ. ಆ ಹುಡುಗನ ಅಳತೆಗೇ ಹೊಲಿಯಬೇಕಂತೆ.

"ಗೊಂಬೆಗೆ ಅವನ ಅಳತೆ ಯಾಕೆ?"

"ಒಂದು ಗೌರವ ಅಲ್ವಾ ಸಾ? ಇಡೀ ಜಿಲ್ಲೇಲಿ ನಿಮ್ಮ ಕೈ ಕೆಲ್ಸ ಅಂತ ಕೇಳ್ಕಂಡು ಬಂದಿದ್ದೀನಿ."

ಇದು ಸರಿಯಿಲ್ಲ ಎಂದು ಒಳಗೊಳಗೇ ಅನ್ನಿಸಿತು. ಆದರೂ ಇಡೀ ಜಿಲ್ಲೆ ಎಂಬ ಮಾತು ಕಿವಿಗೆ ಇಂಪಾಗಿತ್ತು. ಅಳತೆ ಪುಸ್ತಕ ತೆಗೆದೆ. ಹೋಗುವಾಗ ಅವನು ಬಾಗಿಲಲ್ಲಿ ನಿಂತು, "ಒಂದೆರಡು ಸಲ ಒಗ್ದು ಕೊಡಿ ಸಾ. ಒಸಾದು ಅಂತ ಕಾಣ್ಬಾರ್ದು" ಎಂದ. ಗೊಂಬೆಯ ಅಂಗಿ ಹಳೆಯದಾಗಿ ಏಕೆ ಕಾಣಬೇಕು? ಇದೊಂದನ್ನು ನಾನು ಕೇಳಲಿಲ್ಲ. ಉತ್ತರ ಗೊತ್ತಿದ್ದದ್ದರಿಂದಲೇ ಕೇಳಲಿಲ್ಲ. ನಾಲ್ಕನ್ನೂ ಹೊಲಿದು, ಸೋಡಾ ಹಾಕಿ ಒಗೆದು, ಹಿತ್ತಲಿನ ಬಿಸಿಲಿಗೆ ಹರವಿ, ಇಸ್ತ್ರಿ ಮಾಡಿ ಕೊಟ್ಟೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಎಂದರೆ ಇದೇ.

ಪ್ರಚಾರ ಜೋರಾಗಿದ್ದಾಗ ನೆಂಟರ ಮನೆಯ ನಾಮಕರಣಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರು ಹೂವಿನಿಂದ ಅಲಂಕರಿಸಿದ ಜೀಪು ನಿಂತಿತ್ತು. ಜೀಪಿನ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ನನ್ನ ಅಂಗಿ. ಜೇಬಿನ ಮುಚ್ಚಳದ ಮೂಲೆಯನ್ನು ನಾನು ಸ್ವಲ್ಪ ಗುಂಡಗೆ ತಿರುಗಿಸುತ್ತೇನೆ, ದೂರದಿಂದಲೇ ಗೊತ್ತಾಯಿತು. ಮೈಕಿನಲ್ಲಿ ಒಬ್ಬ ಕೂಗುತ್ತಿದ್ದ: "ನೋಡಿ ತಾಯಂದಿರೇ, ಆ ವೀರ ಮೈಮೇಲೆ ತೊಟ್ಟಿದ್ದ ಅಂಗಿ ಇದೇ!" ಶ್ರವಣಬೆಳಗೊಳದ ಬಸ್ಸಿನಿಂದ ಇಳಿದ ಮುದುಕಿಯೊಬ್ಬಳು ಚೀಲ ಕೆಳಗಿಟ್ಟು, ಗಾಜು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ನಾಮಕರಣದ ಊಟ ಸೇರದೆ ಎದ್ದು ಬಂದೆ.

ಸಂಜೆ ನಮ್ಮೂರಲ್ಲಿ ಇಳಿದರೆ ಅಲ್ಲೂ ಜೀಪು, ಅಲ್ಲೂ ಗಾಜಿನ ಪೆಟ್ಟಿಗೆ. ಎಲ್ಲಿಂದ ಬಂತು ಎಂದು ಡ್ರೈವರನ್ನು ಕೇಳಿದೆ. ಬೆಳಿಗ್ಗೆಯಿಂದ ಅರಕಲಗೂಡು ಕಡೆ ಸುತ್ತಿದೆವು ಎಂದ. ಹಾಸನದಲ್ಲೂ ಇಂಥದೇ ಒಂದು ಜೀಪಿರಬೇಕು, ಅದನ್ನು ನೋಡಲು ಹೋಗುವ ಅಗತ್ಯವಿರಲಿಲ್ಲ. ಜೀಪಿನ ಸುತ್ತ ನಿಂತಿದ್ದವರಲ್ಲಿ ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನನ್ನ ಕೈ ನನ್ನದೇ ಕಾಲರಿಗೆ ಹೋಯಿತು. ಕೆಂಪು ನೂಲು ನೆನಪಾದದ್ದು ಆಗ. ನಾಲ್ಕಕ್ಕೂ ಹಾಕಿದ್ದೆ. ಕದ್ದ ಮಾಲಿಗೆ ನನ್ನ ಕೈಯಾರೆ ನನ್ನ ಸಹಿ ಹಾಕಿಕೊಟ್ಟಿದ್ದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಸಿಕ್ಕಿಬೀಳುವವನು ನಾನೇ.

ಓಟು ಮುಗಿದ ಮೇಲೆ ಒಂದು ಮಧ್ಯಾಹ್ನ ಆ ತಾಯಿ ಅಂಗಡಿಗೆ ಬಂದರು. ಚೀಲದಿಂದ ಅಂಗಿ ತೆಗೆದು ಮಿಷನ್ನಿನ ಮೇಲಿಟ್ಟರು. ಗಂಜಿ ಹಾಕಿ ಇಸ್ತ್ರಿ ಮಾಡಿದ್ದ ಅಂಗಿ.

"ಪಾರ್ಟಿಯೋರು ತಂದ್ಕೊಟ್ರು. ಇದು ನನ್ ಮಗಂದೇನಾ ನೋಡ್ಕೊಡಪ್ಪ. ನೀನೇ ಅಲ್ವ ಸೈಡ್ ಇಡ್ದಿದ್ದು?"

ನೋಡುವುದೇನು ಬಂತು, ಜೇಬಿನ ಮೂಲೆ ಕಂಡಿತ್ತು. ನಾನು ತಲೆಯೆತ್ತದೆ ಬದಿಯ ಹೊಲಿಗೆಯ ಮೇಲೆ ಬೆರಳಾಡಿಸಿದೆ. ಪಾಪ, ಸಮಾಧಾನವಾದರೂ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು.

"ಅವನದೇ ಕಣವ್ವ. ಒಗ್ದವ್ರೆ, ಅಷ್ಟೆ."

ಆಕೆ ಅಂಗಿಯನ್ನು ಎಳೆದುಕೊಂಡು ಕಾಲರ್ ಮಗುಚಿ ನನ್ನ ಮುಂದೆ ಹಿಡಿದರು. ಮೂರು ಕೆಂಪು ಹೊಲಿಗೆ.

"ನಿಮ್ಮಪ್ಪ ಇದ್ದಾಗ್ನಿಂದ್ಲೂ ನನ್ ಗಂಡನ್ ಅಂಗಿ ಇಲ್ಲೇ ಒಲಿಸ್ತಿದ್ದದ್ದು. ಕಾಲರ್ ಉಜ್ಜಿ ಉಜ್ಜಿ ಒಗ್ದಿವ್ನಿ. ಈ ನೂಲು ಯಾರ್ದು ಅಂತ ನಂಗೊತ್ತಿಲ್ವಾ?"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಮನೇಲೇ ನೋಡ್ದೆ" ಎಂದರು ಆಕೆ. "ನೀನೇನಂತೀಯೋ ಕೇಳಾವ ಅಂತ ಬಂದೆ."

ನನ್ನ ಇಡೀ ಆಯಸ್ಸಿನಲ್ಲಿ ನಾನು ಎಲ್ಲರ ಮೇಲೂ ಅನುಮಾನ ಪಟ್ಟಿದ್ದೆ, ನನ್ನೊಬ್ಬನನ್ನು ಬಿಟ್ಟು. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಂಗಿಯನ್ನು ಮಿಷನ್ನಿನ ಮೇಲೇ ಬಿಟ್ಟು ಹೊರಟರು. ಅಂಗಡಿ ಮೆಟ್ಟಿಲಿಳಿದು ಹಿಂದಿರುಗಿ, "ಅವನ್ದು ಎಲ್ಲೈತೋ ಅದ್ನ ತಂದ್ಕೊಡು" ಎಂದರು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಹೋದೆ. ಅವರ ಚುನಾವಣಾ ಕಚೇರಿ ಖಾಲಿಯಾಗುತ್ತಿತ್ತು. ಬಾವುಟಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಗಾಜಿನ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು, ಮೇಲಿನದರಲ್ಲಿ ಯಾರೋ ಟೀ ಲೋಟಗಳನ್ನು ಇಟ್ಟಿದ್ದರು. ನನ್ನ ಹತ್ತಿರ ಬಟ್ಟೆ ತಂದಿದ್ದ ಆಸಾಮಿಯೇ ಸಿಕ್ಕಿದ.

"ಒರಿಜಿನಲ್ಲಾ?" ಎಂದು ನಕ್ಕ. "ಅದ್ನ ನಾವು ಆಚೆಗೇ ತೆಗೀಲಿಲ್ಲ ಸಾ. ಮಾಸೋಗಿತ್ತು, ಮುದುರ್ಕೊಂಡಿತ್ತು. ಜನಕ್ಕೆ ತೋರ್ಸೋ ಅಂಗಿತ್ತಾ ಅದು?"

ಬೀರು ತೆರೆದು, ಹಳೆ ಕರಪತ್ರಗಳ ಅಡಿಯಿಂದ ಒಂದು ಪೇಪರ್ ಪೊಟ್ಟಣ ಎಳೆದು ನನ್ನ ಕೈಗೆ ಹಾಕಿದ. ಬಿಚ್ಚಿದೆ. ಬದಿಯ ಹೊಲಿಗೆ ನನ್ನದು, ಕಾಲರ್ ಬೋಳು. ಮೂಗಿಗೆ ತಂದೆ. ಬೆವರು, ಕಬ್ಬಿಣದ ಟ್ರಂಕು, ಯಾವುದೋ ಎಣ್ಣೆ. ಯಾರೂ ಮುಟ್ಟಿರಲಿಲ್ಲ. ಆ ತಾಯಿ ಎರಡು ಸಲ ಹೇಳಿದ ಮಾತನ್ನು ಅವರು ನಡೆಸಿಕೊಟ್ಟದ್ದು ಹೀಗೆ. ನಗಬೇಕೋ ಅಳಬೇಕೋ ತಿಳಿಯದೆ ಪೊಟ್ಟಣ ಎದೆಗವಚಿಕೊಂಡು ಬಸ್ಸಿನಲ್ಲಿ ಕೂತೆ. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತವರನ್ನೆಲ್ಲ ಕಳ್ಳರೆಂಬಂತೆ ನೋಡಿದೆ.

ಊರಲ್ಲಿ ಇಳಿದವನು ಅಂಗಡಿಗೂ ಹೋಗದೆ ಸೈಕಲ್ ತೆಗೆದುಕೊಂಡು ಆಕೆಯ ಹಳ್ಳಿಗೆ ಹೋದೆ. ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ಮೊರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡು ಪೊಟ್ಟಣ ಇಸಿದುಕೊಂಡರು. ಆ ಅಂಗಿಯನ್ನು ಮುಖಕ್ಕೆ ಒತ್ತಿಕೊಳ್ಳುತ್ತಾರೆ, ಅಳುತ್ತಾರೆ, ನನಗೂ ಕ್ಷಮೆ ಸಿಗುತ್ತದೆ ಎಂದು ದಾರಿಯಲ್ಲಿ ಎಷ್ಟೋ ಸಲ ಲೆಕ್ಕ ಹಾಕಿದ್ದೆ.

ಆಕೆ ಮೂಸಲಿಲ್ಲ. ಮೊದಲು ಕಾಲರ್ ಮಗುಚಿದರು. ಬಿಸಿಲಿಗೆ ಹಿಡಿದು, ಬೆರಳಿನಿಂದ ಉದ್ದಕ್ಕೂ ಸವರಿ ಸವರಿ ಕೆಂಪು ನೂಲು ಹುಡುಕಿದರು. ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಮುಖ ನೋಡಿದರು, ಮತ್ತೆ ಇನ್ನೊಂದು ಸಲ ಹುಡುಕಿದರು.

"ಸರಿ, ನೀನಿನ್ನು ಓಗಪ್ಪ" ಎಂದರು.

ನಾನು ಸೈಕಲ್ ಹತ್ತಿ ಬೇಲಿ ದಾಟುವ ತನಕ ಅವರು ಅಂಗಿಯನ್ನು ಮುಖದ ಹತ್ತಿರ ತರಲಿಲ್ಲ.