ಅರ್ಧ ಪುಟ ಹೆಚ್ಚು ಬರೆಯಿಸಿದ ತಪ್ಪು

ನಾನು ಓದಿದ್ದು ಮೂರನೇ ಇಯತ್ತೆ. ಕನ್ನಡವನ್ನು ಬೆರಳಿಟ್ಟು ಓದುತ್ತೇನೆ, ಇಂಗ್ಲಿಷಿನ ಒಂದಕ್ಷರವೂ ಬರುವುದಿಲ್ಲ. ಹೀಗಿದ್ದರೂ ನನ್ನ ಮೊಮ್ಮಗಳು ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡನೇ ಸಲ ಬಿದ್ದದ್ದು ನನ್ನ ಮಾತು ಕೇಳಿ. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಅವಳು ನನ್ನ ಮಗನ ಮಗಳು, ಸವದತ್ತಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮುನವಳ್ಳಿಯ ನಮ್ಮ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಹೊರದೇಶದ ಒಂದು ಆಸ್ಪತ್ರೆಯವರು ಅವಳನ್ನು ಫೋನಿನಲ್ಲೇ ಮಾತಾಡಿಸಿ ಕೆಲಸ ಕೊಡಲು ಒಪ್ಪಿದ್ದರು. ಆದರೆ ಇಂಗ್ಲಿಷ್ ಬರುತ್ತದೆ ಎಂದು ಪರೀಕ್ಷೆ ಪಾಸು ಮಾಡಿ ತೋರಿಸಬೇಕು. ಓದುವುದು, ಕೇಳುವುದು, ಮಾತಾಡುವುದು ಮೂರೂ ದಾಟಿದಳು. ಬರೆಯುವುದರಲ್ಲಿ ಮಾತ್ರ ಅರ್ಧ ಅಂಕ ಕಡಿಮೆ ಬಿತ್ತು.

ಎರಡನೇ ಸಲದ ತಯಾರಿಯಲ್ಲಿ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದಳು. ನಾನು ಹೋಗಿ ನೋಡಿದರೆ ಹಾಳೆಯ ಕೆಳಗೆ ಅರ್ಧ ಜಾಗ ಖಾಲಿ. ಕೇಳಿದರೆ, ಅವರು ಇನ್ನೂರೈವತ್ತು ಪದ ಸಾಕು ಅಂದಿದ್ದಾರೆ ಎಂದಳು. ನಮ್ಮ ಕಡೆ ಬೀಗರು ಊಟಕ್ಕೆ ಕುಳಿತು ಸಾಕು ಅಂದರೆ ಅದಕ್ಕೆ ಬೆಲೆಯೇ ಇಲ್ಲ. ಅವರು ಎಲೆಗೆ ಅಡ್ಡ ಕೈ ಹಿಡಿಯಬೇಕು, ನಾವು ಬೆರಳ ಸಂದಿಯಿಂದ ಇನ್ನೊಂದು ಹೋಳಿಗೆ ತುರುಕಬೇಕು. ಸಾಕು ಅಂದ ತಕ್ಷಣ ಬುಟ್ಟಿ ಒಳಗೆ ಒಯ್ದವರ ಹೆಸರು ಊರೆಲ್ಲ ಕೆಡುತ್ತದೆ. ಅದೇ ತಲೆಯಲ್ಲಿ ನಾನು ಹೇಳಿದೆ: "ಕೇಳಿದಷ್ಟ ಕೊಟ್ಟು ಕೈ ತೊಳಕೊಂಡ್ರ ಜಿಪುಣಿ ಅಂತಾನ ಪೇಪರ್ ನೋಡಾಂವ. ಪುಟ ತುಂಬಿಸು."

ನಮ್ಮ ಮನೆಯಲ್ಲಿ ಬೆಳೆದ ಹುಡುಗಿ, ಅವಳಿಗೂ ಅದು ಸರಿ ಅನ್ನಿಸಿತು. ಪ್ರತಿ ಸಲವೂ ನಾನೂರು ಪದ ದಾಟಿಸತೊಡಗಿದಳು. ಪರೀಕ್ಷೆಯಲ್ಲೂ ಹಾಗೇ ಮಾಡಿ, ಮೊದಲಿಗಿಂತ ಇನ್ನೂ ಅರ್ಧ ಅಂಕ ಕಡಿಮೆ ತಂದಳು.

ಹೊರದೇಶದವರು ಒಂದು ತಾರೀಖು ಕೊಟ್ಟು, ಅಲ್ಲಿಯವರೆಗೆ ಮಾತ್ರ ಜಾಗ ಹಿಡಿದಿಡುತ್ತೇವೆ ಎಂದು ಬರೆದರು. ನಮ್ಮ ಲೆಕ್ಕದಲ್ಲಿ ಅದು ಯುಗಾದಿ. ಅಷ್ಟರೊಳಗೆ ಇನ್ನೊಂದೇ ಸಲ ಪರೀಕ್ಷೆ ಬರೆಯಲು ಸಾಧ್ಯವಿತ್ತು. ನನ್ನ ಮಗ, ಭಾನುವಾರಕ್ಕೊಮ್ಮೆ ಬೆಳಗಾವಿಯಲ್ಲಿ ಅವಳಿಗೆ ಕ್ಲಾಸು ತೆಗೆದುಕೊಳ್ಳುವ ಮಾಸ್ತರನನ್ನು ಬೈದ. ಹುಡುಗಿ ಯಾರನ್ನೂ ಬೈಯಲಿಲ್ಲ. ಪುಸ್ತಕ, ಬರೆದ ಹಾಳೆ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿ, ತನಗೆ ಇಂಗ್ಲಿಷ್ ಹತ್ತುವುದಿಲ್ಲ ಎಂದು ಸುಮ್ಮನಾದಳು. ಅತ್ತಿದ್ದರೆ ನಾನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆ ಸುಮ್ಮನಿರುವುದು ನನಗೆ ಸೇರಲಿಲ್ಲ.

ಅವಳಿಗೆ ರಜೆಯಿದ್ದ ದಿನ ಅಟ್ಟದಿಂದ ಹಾಳೆಗಳ ಕಟ್ಟು ಇಳಿಸಿದೆ. ಮನೆಯಲ್ಲಿ ಬರೆದು ಅಭ್ಯಾಸ ಮಾಡಿದ ಹಾಳೆಗಳು ಅವು. ಮಾಸ್ತರ ತಪ್ಪು ಇದ್ದಲ್ಲೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದ. ಹುಣಸೆ ಬೀಜದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸುತ್ತು ಏನು ತಪ್ಪು ಎಂದು ಹೇಳು ಅಂದೆ.

"ಆಯಿ, ಇದರಾಗ ನಿನಗೇನ ತಿಳಿತೈತಿ?"

"ನನಗ ತಿಳಿಯೂದಿಲ್ಲ. ತಿಳಿದಾಕಿ ನೀ ಏನ್ ಹರದಿ? ಹೇಳು."

ಗೊಣಗುತ್ತಲೇ ಹೇಳತೊಡಗಿದಳು. ಒಂದು ಸುತ್ತಿಗೆ ಒಂದು ಬೀಜ. ಅದೇ ಥರದ ತಪ್ಪು ಬಂದರೆ ಅದೇ ಗುಂಪಿಗೆ. ಹಾಳೆಗೊಂದು ಹೊಸ ತಪ್ಪು ಮಾಡುತ್ತೇನೆ, ಇವು ಮುಗಿಯುವಂಥವಲ್ಲ ಎಂದು ಅವಳು ತಿಳಿದಿದ್ದಳು. ಕಟ್ಟು ಮುಗಿದಾಗ ನೆಲದ ಮೇಲೆ ಇದ್ದದ್ದು ನಾಲ್ಕೇ ಗುಂಪು. ಹೆಸರಿನ ಮುಂದೆ ಹಚ್ಚುವ 'ದಿ', 'ಎ' ಎಂಬ ಚಿಕ್ಕ ಪದ ಬಿಟ್ಟದ್ದು ಎಲ್ಲಕ್ಕಿಂತ ದೊಡ್ಡ ಗುಂಪು. ಒಬ್ಬರು ಮಾಡಿದರೆ ಒಂದು ಥರ, ಹತ್ತು ಜನ ಮಾಡಿದರೆ ಇನ್ನೊಂದು ಥರ ಬರೆಯಬೇಕಂತೆ, ಅದು ಎರಡನೆಯದು. ನಿನ್ನೆಯ ಮಾತು ಶುರು ಮಾಡಿ ಅರ್ಧಕ್ಕೇ ಇವತ್ತಿನದಕ್ಕೆ ಜಿಗಿಯುವುದು ಮೂರನೆಯದು. ಪೂರ್ಣವಿರಾಮ ಇಡದೆ ಒಂದಕ್ಕೊಂದು ವಾಕ್ಯ ಗಂಟು ಹಾಕುವುದು ನಾಲ್ಕನೆಯದು. ಎಲ್ಲಿಯೂ ಸೇರದ ಏಳೆಂಟು ಬೀಜಗಳನ್ನು ನಾನು ತಿರುಗಿ ಡಬ್ಬಿಗೆ ಹಾಕಿದೆ.

ಆಮೇಲೆ ಹಾಳೆಗಳನ್ನು ಸಾಲಾಗಿ ಹರವಿದೆ. ಅಕ್ಷರ ಬರದಿದ್ದರೂ ಬಣ್ಣ ಕಾಣುತ್ತದಲ್ಲ. ಮೇಲಿನ ಭಾಗದಲ್ಲಿ ಕೆಂಪು ಅಲ್ಲೊಂದು ಇಲ್ಲೊಂದು. ಕೆಳಗೆ ಬಂದ ಹಾಗೆ ಹಾಳೆಗೆ ಕುಂಕುಮ ಚೆಲ್ಲಿದಂತಿತ್ತು. ಹೇಳುವುದು ಮುಗಿದ ಮೇಲೂ ಪುಟ ತುಂಬಿಸಲು ಎಳೆದ ಜಾಗ ಅದು. ಎಳೆಯುತ್ತ ಹೊತ್ತು ಮುಗಿದು, ತಿರುಗಿ ಓದಲು ಒಂದು ನಿಮಿಷವೂ ಉಳಿಯುತ್ತಿರಲಿಲ್ಲವಂತೆ.

"ಇದನ್ನೆಲ್ಲ ಯಾರ ಮಾತು ಕೇಳಿ ಬರದಿ?" ಎಂದೆ. ಗೊತ್ತಿದ್ದೇ ಕೇಳಿದೆ.

ನನ್ನ ಮುಖ ನೋಡಿದಳು. "ಇದ್ದಾಳಲ್ಲ ನಮ್ಮ ಮನ್ಯಾಗೊಬ್ಬಾಕಿ ಬೀಗತಿ, ಸಾಕಂದ್ರ ಕೇಳೂದಿಲ್ಲ."

"ಇನ್ನ ಮ್ಯಾಲೆ ಆಕಿ ಮಾತು ಕೇಳಬ್ಯಾಡ," ಎಂದೆ. ನನ್ನ ಬಾಯಿಂದ ಅದಕ್ಕಿಂತ ಹೆಚ್ಚಿನ ಕ್ಷಮೆ ಬರುವುದಿಲ್ಲ, ಅವಳೂ ಕಾಯಲಿಲ್ಲ.

ಆವತ್ತಿನಿಂದ ಗಡಿಯಾರ ನನ್ನ ಕೈಗೆ ಬಂತು. ನಲವತ್ತು ನಿಮಿಷದಲ್ಲಿ ಮೂವತ್ತಕ್ಕೆ ಪೆನ್ನು ಕಸಿದುಕೊಳ್ಳುತ್ತಿದ್ದೆ. ಉಳಿದ ಹತ್ತರಲ್ಲಿ ನಾಲ್ಕು ಸಲ ಓದಬೇಕು, ಸಲಕ್ಕೆ ಒಂದೇ ತಪ್ಪು ಹುಡುಕಬೇಕು. ಚಿಕ್ಕ ಪದ ಹುಡುಕುವಾಗ ಬೇರೆಯದು ಕಂಡರೂ ಮುಟ್ಟಬಾರದು, ಅದಕ್ಕೆ ಅದರ ಸರದಿ ಬರುತ್ತದೆ. ಮೊದಲ ವಾರ ಇದು ಹುಚ್ಚು ಎಂದು ಜಗಳವಾಡಿದಳು. ಎರಡನೇ ವಾರ ಮಾಸ್ತರನ ಹಾಳೆಯಲ್ಲಿ ಕೆಂಪು ಕಡಿಮೆಯಾಯಿತು, ಜಗಳವೂ ಕಡಿಮೆಯಾಯಿತು.

ಹುಬ್ಬಳ್ಳಿಗೆ ಹೋಗಿ ಮೂರನೇ ಸಲ ಬರೆದು ಬಂದಳು. ಫಲಿತಾಂಶ ಬಂದಾಗ ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದಲೇ ಫೋನು ಮಾಡಿದಳು. ಬೇಕಾದ ಅಂಕ ಬಂದಿತ್ತು, ಅದರ ಮೇಲೆ ಒಂದು ಚೂರೂ ಇಲ್ಲ. ಹೊರದೇಶದವರಿಗೆ ಬರುತ್ತೇನೆ ಎಂದು ಪತ್ರ ಬರೆಯಬೇಕು, ಮೊದಲು ಮಾಸ್ತರನಿಗೆ ತೋರಿಸಿ ಭಾನುವಾರ ಕಳಿಸುತ್ತೇನೆ ಎಂದಳು.

ಯುಗಾದಿಗೆ ಉಳಿದದ್ದು ಮೂರು ದಿನ. "ಭಾನುವಾರತನಕ ಯಾಕ? ಈಗ ಬರದು ಈಗ ಕಳಸು," ಎಂದೆ. ನಿಂತಲ್ಲೇ ಫೋನಿನಲ್ಲಿ ನಾಲ್ಕು ಸಾಲು ಒತ್ತಿ ಕಳಿಸಿದಳು.

ಭಾನುವಾರ ಮಾಸ್ತರ ಅದನ್ನು ಓದಿ, ನಾಲ್ಕು ಸಾಲಿನಲ್ಲಿ ಮೂರು ತಪ್ಪು ಎಂದು ತಲೆ ಚಚ್ಚಿಕೊಂಡನಂತೆ. ಅಷ್ಟು ಹೊತ್ತಿಗೆ ಅಲ್ಲಿಂದ ಉತ್ತರ ಬಂದಾಗಿತ್ತು. ಯಾವ ತಾರೀಖಿಗೆ ಬರುತ್ತೀ ಎಂದಷ್ಟೇ ಕೇಳಿದ್ದರು.